ಕಡಲಿಗೆ ಬೆನ್ನು ತೋರಿಸದ ಊರು

ಆ ಊರಿನಲ್ಲಿ ಮಗು ನಡೆಯಲು ಕಲಿತ ಮೇಲೆ ಅದಕ್ಕೆ ಇನ್ನೊಮ್ಮೆ ನಡೆಯಲು ಕಲಿಸುತ್ತಿದ್ದರು, ಈ ಸಲ ಹಿಂದುಹಿಂದಕ್ಕೆ. ಅಂಗಳದಲ್ಲಿ ತಾಯಿ ಮಗುವಿನ ಎರಡೂ ಕೈ ಹಿಡಿದುಕೊಳ್ಳುವಳು. ಮಗು ಅವಳ ಮುಖವನ್ನೇ ನೋಡುತ್ತ, ಹಿಮ್ಮಡಿಯಿಂದ ನೆಲ ತಡವುತ್ತ ಹಿಂದೆ ಸರಿಯುವುದು, ಬೀಳುವುದು, ಏಳುವುದು. ಬಿದ್ದಾಗ ಯಾರೂ ಅಯ್ಯೋ ಎನ್ನುತ್ತಿರಲಿಲ್ಲ. ಬೀಳುವುದಿದ್ದರೆ ಅಂಗಳದಲ್ಲೇ ಬಿದ್ದು ಮುಗಿಸಲಿ ಎನ್ನುತ್ತಿದ್ದರು. ಮರಳಿನ ಮೇಲೆ ಬಿದ್ದು, ಹೊರಳಿ, ಕಡಲಿಗೆ ಬೆನ್ನು ತೋರಿಸಿಬಿಟ್ಟರೆ ಆಮೇಲೆ ಮಾಡುವುದೇನು?

ಊರು ಹೊಳೆಯ ಈಚೆ ದಡದಲ್ಲಿತ್ತು. ಹೊಳೆಯಾಚೆ ಮರಳು, ಮರಳಿನಾಚೆ ಕಡಲು. ಬೆಟ್ಟದಿಂದ ಅಬ್ಬರಿಸಿಕೊಂಡು ಇಳಿದುಬಂದ ಹೊಳೆ ಕಡಲನ್ನು ಕಂಡೊಡನೆ ಧೈರ್ಯ ಸಾಲದೆ, ಮದುವೆಮನೆಯ ಬಾಗಿಲಲ್ಲಿ ನಾಚಿ ನಿಂತ ನೆಂಟರ ಹಾಗೆ ಒಂದಷ್ಟು ದೂರ ಪಕ್ಕಪಕ್ಕದಲ್ಲೇ ಸುಳಿದು, ಕೊನೆಗೆ ಅಳಿವೆಯಲ್ಲಿ ಒಳಗೆ ಹೋಗುತ್ತಿತ್ತು. ಹೀಗೆ ಎರಡು ನೀರುಗಳ ನಡುವೆ ಉಳಿದ ಉದ್ದನೆಯ ಜಾಗವೇ ಆ ಮರಳು. ಅಲ್ಲಿ ಮನೆಯಿಲ್ಲ, ಮರವಿಲ್ಲ, ಗುಡಿಯಿಲ್ಲ, ಅಂಗಡಿಯಿಲ್ಲ. ದೋಣಿ ಕಟ್ಟಲೊಂದು ಗೂಟವನ್ನು ಕೂಡ ಯಾರೂ ನೆಟ್ಟಿರಲಿಲ್ಲ. ಅಡುಂಬು ಬಳ್ಳಿಯೊಂದೇ ಹೊಳೆಯ ಬದಿಯಿಂದ ಸ್ವಲ್ಪ ದೂರ ಹಬ್ಬಿ, ನೇರಳೆ ಹೂ ಬಿಟ್ಟು, ಅಲ್ಲಿಗೆ ಸಾಕೆಂದು ನಿಂತಿತ್ತು. ಉಳಿದದ್ದೆಲ್ಲ ಬರೀ ಮರಳು. ಬೆಳಿಗ್ಗೆ ಬೆಳ್ಳಗೆ, ಸಂಜೆ ಕೆಂಪಗೆ, ಯಾರ ಸ್ವತ್ತೂ ಅಲ್ಲದ್ದು. ಅಲ್ಲಿಗೆ ಹೋದವರ ದನಿ ತಗ್ಗುತ್ತಿತ್ತು. ತಗ್ಗಿಸಿ ಎಂದು ಯಾರೂ ಹೇಳಿದ್ದಲ್ಲ, ಅದು ತಾನಾಗಿ ತಗ್ಗುತ್ತಿತ್ತು.

ಹೋಗಬಾರದೆಂದೇನೂ ಇರಲಿಲ್ಲ. ಹೊಸದಾಗಿ ಮದುವೆಯಾದವರು ಹೋಗುತ್ತಿದ್ದರು, ಹುಟ್ಟಿದ ಮಗುವನ್ನು ಕಡಲಿಗೆ ತೋರಿಸಲು ಹೋಗುತ್ತಿದ್ದರು, ಮನೆಯಲ್ಲಿ ಜಗಳವಾಡಿದವರು ಗಾಳಿಗೆ ಕೂರಲು ಹೋಗುತ್ತಿದ್ದರು. ಕಟ್ಟಳೆ ಇದ್ದದ್ದು ಒಂದೇ. ಹೋಗುವಾಗ ಕಡಲನ್ನು ನೋಡುತ್ತ ಮುಂದಕ್ಕೆ ನಡೆಯಬೇಕು, ಬರುವಾಗ ಕಡಲನ್ನೇ ನೋಡುತ್ತ ಹಿಂದಕ್ಕೆ ನಡೆಯಬೇಕು. ಹಾಗೆ ನಡೆದರೆ ಮರಳಿನ ಮೇಲಿನ ಹೆಜ್ಜೆಗಳೆಲ್ಲ ಕಡಲಿನ ಕಡೆಗೇ ಬೆರಳು ಮಾಡಿರುತ್ತವೆ. ನೀರು ಏರಿದಾಗ ಕಡಲು ಆ ಹೆಜ್ಜೆಗಳನ್ನು ಓದುತ್ತದೆ. ಬಂದವರೆಲ್ಲ ನನ್ನೊಳಗೇ ಬಂದರು, ಒಬ್ಬರೂ ಹಿಂದೆ ಹೋಗಿಲ್ಲ ಎಂದು ತಿಳಿದು ಸುಮ್ಮನಾಗುತ್ತದೆ. ಊರಿನ ಕಡೆಗೆ ಬೆರಳು ಮಾಡಿದ ಒಂದೇ ಒಂದು ಹೆಜ್ಜೆ ಕಂಡರೂ ಮುಗಿಯಿತು. ಓಹೋ, ಅಲ್ಲೊಂದು ಊರಿದೆ ಎಂದು ಹೆಜ್ಜೆ ಹಿಡಿದು ಬಂದುಬಿಡುತ್ತದೆ. ಹೀಗೆಂದು ಊರು ನಂಬಿತ್ತು. ಅದಕ್ಕೇ ಅಲ್ಲಿನ ಮನೆಗಳ ಬಾಗಿಲುಗಳೆಲ್ಲ ಬೆಟ್ಟದ ಕಡೆಗಿದ್ದವು. ಅಷ್ಟು ದೊಡ್ಡ ಕಡಲಿಗೆ ಟೋಪಿ ಹಾಕಿದ್ದೇವೆಂದು ಜನರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಏಡಿಗಳಿಗೆ ಮಾತ್ರ ಯಾವ ಕಟ್ಟಳೆಯೂ ಇರಲಿಲ್ಲ. ಅವು ಅಡ್ಡಡ್ಡ ನಡೆಯುತ್ತವೆ, ಅವುಗಳ ಹೆಜ್ಜೆಯಿಂದ ಕಡಲಿಗಿರಲಿ, ಏಡಿಗೇ ಏನೂ ತಿಳಿಯುವುದಿಲ್ಲ.

ಎಷ್ಟು ಎಚ್ಚರವಿದ್ದರೂ ತಪ್ಪುವವರು ತಪ್ಪುತ್ತಾರೆ. ಅದಕ್ಕಾಗಿ ಆ ಊರಿನಲ್ಲಿ ಗುಡಿಸುವವಳೊಬ್ಬಳಿದ್ದಳು. ದಿನಾ ಬೆಳಕು ಹರಿಯುವ ಹೊತ್ತಿಗೆ ಅಂಬಿಗ ಅವಳನ್ನು ಮರಳಿಗೆ ದಾಟಿಸುತ್ತಿದ್ದ. ಅವಳ ಕೈಯಲ್ಲಿ ತೆಂಗಿನ ಕಡ್ಡಿಯ ಉದ್ದನೆಯ ಹಿಡಿಸೂಡಿ. ಕಡಲಂಚಿನುದ್ದಕ್ಕೂ ಹೋಗುವಳು, ಊರಿನ ಕಡೆಗೆ ಬೆರಳು ಮಾಡಿದ ಹೆಜ್ಜೆ ಎಲ್ಲಿ ಕಂಡರೂ ಗುಡಿಸಿಹಾಕುವಳು, ಸರಿಯಾದ ಹೆಜ್ಜೆಗಳನ್ನು ಬಿಟ್ಟುಬಿಡುವಳು, ಆಮೇಲೆ ಹಿಂದುಹಿಂದಕ್ಕೆ ನಡೆದು ದೋಣಿಗೆ ಬರುವಳು. ತಪ್ಪು ಹೆಜ್ಜೆ ಇಲ್ಲದ ದಿನವೇ ಇರಲಿಲ್ಲ. ಬಹುಪಾಲು ಒದ್ದೆ ಮರಳಿನಲ್ಲೇ, ನೀರಿನ ಅಂಚಿನ ಹತ್ತಿರವೇ ಇರುತ್ತಿದ್ದವು. "ಈ ಊರಿನವರ ಕಾಲಿಗೆ ಬರೆ ಹಾಕ್ಬೇಕು," ಎಂದು ಅವಳ ಅತ್ತೆ ಗೊಣಗುತ್ತಿದ್ದಳು. ಅತ್ತೆ ಕಾಲವಾದ ಮೇಲೆ ಹಿಡಿಸೂಡಿಯ ಜೊತೆಗೆ ಆ ಗೊಣಗಾಟವೂ ಸೊಸೆಗೆ ಬಂತು.

ಗುಡಿಸುವವಳು ಹುಟ್ಟಿದ್ದು ಈ ಊರಿನಲ್ಲಲ್ಲ, ಹೊಳೆಯ ಮೇಲ್ಗಡೆ, ಬೆಟ್ಟದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿಯವರು ಬೇಕಾದ ಕಡೆಗೆ ಮುಖ ಮಾಡಿ ನಡೆಯುವ ಜನ. ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಅವಳಿಗೆ ಅಂಗಳದಲ್ಲಿ ಹಿಂದಕ್ಕೆ ನಡೆಯುವುದನ್ನು ಕಲಿಸಿದ. ಮೊದಲನೇ ದಿನವೇ ಅವಳು ದನಕ್ಕೆ ಅಕ್ಕಿ ತೊಳೆದ ನೀರು ಸುರಿದಿಡುವ ಅಕ್ಕಚ್ಚಿನ ಬಾನಿಯೊಳಗೆ ಕೂತುಬಿಟ್ಟಳು. ಅವನು ನಕ್ಕ ನಗೆಗೆ ನೆರೆಮನೆಯವರೆಲ್ಲ ಬೇಲಿಯ ಹತ್ತಿರ ಬಂದರು. ಮರಳಿಗೆ ಹೋದಾಗ ಇಬ್ಬರೂ ಕೈ ಕೈ ಹಿಡಿದು ಹಿಂದುಹಿಂದಕ್ಕೆ ಬರುತ್ತಿದ್ದರು. ಹಾಗೆ ಬರುವಾಗ ತಮ್ಮ ಹೆಜ್ಜೆಗಳು ತಮ್ಮ ಕಣ್ಣೆದುರೇ ಹುಟ್ಟುವುದು ಕಾಣುತ್ತದೆ. ಅವನ ಎಡಗಾಲಿನ ಕಿರುಬೆರಳನ್ನು ಚಿಕ್ಕಂದಿನಲ್ಲಿ ಲಂಗರಿನ ಹಗ್ಗ ಕಿತ್ತುಕೊಂಡಿತ್ತು.

"ಒಂದು ಬೆರಳು ಮನೆಯಲ್ಲೇ ಬಿಟ್ಟು ಬಂದಿರಾ?" ಎಂದು ಅವಳು ಕೆಣಕುವಳು.

"ಕಡಲಿಗೆ ರುಚಿ ನೋಡ್ಲಿಕ್ಕೆ ಕೊಟ್ಟಿದ್ದೇನೆ," ಎನ್ನುವನು ಅವನು.

ರುಚಿ ಹತ್ತಿತೋ ಏನೋ. ಒಂದು ಮಳೆಗಾಲ ಕಳೆದು ಬಲೆಗೆ ಹೋದ ದೋಣಿ ಅವನಿಲ್ಲದೆ ತಿರುಗಿ ಬಂತು. ಕಡಲಿಗೆ ಹೋದವರಿಗೆ ಆ ಊರಿನಲ್ಲಿ ಕ್ರಿಯೆಯಿಲ್ಲ, ಕರ್ಮವಿಲ್ಲ, ಅಳುವಂತಿಲ್ಲ, ಹೆಸರು ಹೇಳಿ ಕೂಗುವಂತಿಲ್ಲ. ಕೂಗಿದರೆ ಊರಿರುವುದು ಕಡಲಿಗೆ ತಿಳಿಯುತ್ತದಲ್ಲ! ಎಲ್ಲಾದರೂ ಬೆನ್ನು ತೋರಿಸಿರಬೇಕು ಎಂದು ಕೆಲವರು ಅಂದರು. ಅವಳು ಗುಡಿಸಿದ್ದೇ ಸರಿಯಿಲ್ಲ ಎಂದು ಉಳಿದವರು ಅಂದರು. ಅವಳು ಮೊದಲಿಗಿಂತ ಹೆಚ್ಚು ನಿಗಾ ಕೊಟ್ಟು ಗುಡಿಸತೊಡಗಿದಳು. ದುಃಖ ಒತ್ತರಿಸಿ ಬಂದಾಗ ಇನ್ನಷ್ಟು ಬಿರುಸಾಗಿ ಗುಡಿಸುವಳು. ಅವಳಿಗೆ ಅಳಲು ಬೇರೆ ದಾರಿ ಇರಲಿಲ್ಲ.

ಒಂದು ಬೆಳಿಗ್ಗೆ ಗಾಳಿ ಪೂರ್ತಿ ನಿಂತಿತ್ತು. ಅಳಿವೆಯಲ್ಲಿ ಹೊಳೆಯ ಕಂದು ನೀರು ಕಡಲಿನ ಹಸಿರು ನೀರಿನೊಳಗೆ ಸದ್ದಿಲ್ಲದೆ ಇಳಿಯುತ್ತಿತ್ತು. ಗುಡಿಸುವವಳು ಎಂದಿನಂತೆ ಕಡಲಂಚಿಗೆ ಬಂದಳು. ಎಂದಿನಂತೆ ತಪ್ಪು ಹೆಜ್ಜೆಗಳಿದ್ದವು. ಎಂದಿನಂತೆ ಗೊಣಗುತ್ತ ಹಿಡಿಸೂಡಿ ಬೀಸಿದಳು. ಎರಡು ಬೀಸಿಗೆ ಅರ್ಧ ಸಾಲು ಹೋಯಿತು. ಮೂರನೆಯದಕ್ಕೆ ಕೈ ಎತ್ತಿದವಳು ಎತ್ತಿದ ಹಾಗೇ ನಿಂತಳು.

ಕಾಲ ಬುಡದಲ್ಲಿದ್ದ ಎಡ ಹೆಜ್ಜೆಗೆ ನಾಲ್ಕೇ ಬೆರಳಿದ್ದವು.

ಅವಳು ಹಿಡಿಸೂಡಿ ಬಿಸಾಡಿ ಮಂಡಿಯೂರಿದಳು. ನಾಲ್ಕು ಬೆರಳು, ಐದನೆಯದಿರಬೇಕಾದ ಜಾಗದಲ್ಲಿ ನುಣ್ಣಗಿನ ಮರಳು. ಹೆಬ್ಬೆರಳು ಸ್ವಲ್ಪ ಒಳಕ್ಕೆ ವಾಲಿದ್ದು. ಹಿಮ್ಮಡಿ ಹೊರಗಿನ ಬದಿಗೆ ಹೆಚ್ಚು ಊರಿದ್ದು. ಅದನ್ನು ಅವಳು ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಹಿಡಿಯುತ್ತಿದ್ದಳು. ಆ ಹೆಜ್ಜೆ ನೀರಿನಿಂದ ಎದ್ದು ಬಂದಿತ್ತು. ಒಣ ಮರಳಿನವರೆಗೆ ನೇರವಾಗಿ ಬಂದು, ಅಲ್ಲಿ ನಿಂತು, ಎರಡು ಸಲ ಕಾಲು ಬದಲಿಸಿ, ತಿರುಗಿ ನೀರಿಗೇ ಹೋಗಿತ್ತು. ಅದರ ಅಕ್ಕಪಕ್ಕ ಬೇರೆ ಹೆಜ್ಜೆಗಳೂ ಹಾಗೇ ಬಂದು, ಹಾಗೇ ನಿಂತು, ಹಾಗೇ ಹೋಗಿದ್ದವು.

ದೋಣಿಯಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ ಅಂಬಿಗನನ್ನು ಅವಳು ಕೂಗಿ ಕೇಳಿದಳು. ಮರಳಿನ ಮೇಲೆ ಅವಳು ದನಿಯೆತ್ತಿದ್ದು ಅದೇ ಮೊದಲು.

"ಅಂಬಿಗಣ್ಣಾ, ನಿನ್ನೆ ಸಂಜೆ ಯಾರನ್ನು ದಾಟಿಸಿದ್ದಿರಿ?"

"ಯಾರನ್ನೂ ಇಲ್ಲ ಮಾರಾಯ್ತಿ. ನಿನ್ನೆ ಬೀಸಿದ ಗಾಳಿಗೆ ಯಾರು ಬರ್ತಾರೆ?"

"ಮೊನ್ನೆ?"

"ಮೊನ್ನೆಯೂ ಇಲ್ಲ. ಈ ವಾರ ನೀನು ಬಿಟ್ರೆ ಒಂದು ನರಪಿಳ್ಳೆ ದೋಣಿ ಹತ್ತಿದ್ದಿಲ್ಲ. ಎಂತಕ್ಕೆ?"

"ಹಾಗಾದ್ರೆ ನಾನು ದಿನಾ ಗುಡಿಸ್ತಾ ಇದ್ದದ್ದು ಯಾರ ಹೆಜ್ಜೆ?"

ಅಂಬಿಗ ಮೆಲ್ಲುವುದನ್ನು ನಿಲ್ಲಿಸಿದ. ಉತ್ತರ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅತ್ತೆ ಗುಡಿಸಿದ್ದು, ಅತ್ತೆಯ ಅತ್ತೆ ಗುಡಿಸಿದ್ದು, ಊರಿನವರ ಕಾಲಿಗೆ ಬರೆ ಹಾಕಬೇಕೆಂದು ಬೈದು ಬೈದು ಗುಡಿಸಿದ್ದು, ಎಲ್ಲವೂ ಮನೆಗೆ ಬರಲು ಹೊರಟವರ ಹೆಜ್ಜೆಗಳಾಗಿದ್ದವು. ಗುಡಿಸುವವಳಿಗೆ ತನ್ನ ಕೈಗಳನ್ನು ನೋಡಿಕೊಳ್ಳಲಾಗಲಿಲ್ಲ. ಸೆರಗಿನೊಳಗೆ ಮುಚ್ಚಿಕೊಂಡಳು.

ಆಮೇಲೆ ಎದ್ದು, ಆ ಹೆಜ್ಜೆ ಎಲ್ಲಿ ನಿಂತಿತ್ತೋ ಅಲ್ಲಿಗೇ ಹೋಗಿ ನಿಂತಳು. ಅವನು ಯಾಕೆ ತಿರುಗಿ ಹೋದ? ಇಷ್ಟು ದೂರ ಬಂದವನಿಗೆ ಇನ್ನಷ್ಟು ಬರಲು ಏನು ದಾಡಿ? ಅವನು ನೋಡಿದಂತೆ ನೋಡಬೇಕೆಂದು ಅವಳು ಕತ್ತನ್ನಷ್ಟೇ ಹೊರಳಿಸಿ ಮರಳಿನ ಕಡೆಗೆ ಕಣ್ಣು ಹಾಯಿಸಿದಳು. ಮರಳಿನುದ್ದಕ್ಕೂ ಹೆಜ್ಜೆಗಳು, ಹಳೆಯವು, ಹೊಸವು, ಅವಳವೇ ಎಷ್ಟೋ, ಎಲ್ಲವೂ ತನ್ನ ಕಡೆಗೇ ಬೆರಳು ಮಾಡಿ ಬರುತ್ತಿವೆ. ಒಂದಾದರೂ ಅತ್ತ ಹೋಗುತ್ತಿಲ್ಲ. ನೀರಿನಿಂದ ಎದ್ದು ಬಂದವನಿಗೆ ಕಂಡದ್ದು ಇದೇ ಅಲ್ಲವೇ? ಊರಿನವರೆಲ್ಲ ಕಡಲಿಗೇ ಬಂದಾಯಿತು, ಊರಲ್ಲಿ ಯಾರೂ ಉಳಿದಿಲ್ಲ, ಅವಳೂ ಬಂದಿದ್ದಾಳೆ, ನೀರೊಳಗೇ ಎಲ್ಲೋ ಇದ್ದಾಳೆ, ಅಲ್ಲೇ ಹುಡುಕೋಣ ಎಂದು ಅವನು ತಿರುಗಿದ್ದಾನೆ. ದಿನಾ ಬಂದು ದಿನಾ ಹಾಗೇ ತಿರುಗಿದ್ದಾನೆ. ಕಡಲಿಗೆ ಹಾಕಿದ ಟೋಪಿ ಯಾರ ತಲೆಗೆ ಬಿತ್ತೆಂದು ಅವಳಿಗೆ ಆಗ ಗೊತ್ತಾಯಿತು.

ಅವಳು ಹಿಡಿಸೂಡಿ ಎತ್ತಿಕೊಂಡು, ಹೊಳೆ ದಾಟಿ, ಸೀದಾ ಗುರಿಕಾರನ ಮನೆಗೆ ಹೋದಳು. ಗುರಿಕಾರ ಎಂದರೆ ಊರಿನ ಹಿರಿಯ. ಕಟ್ಟಳೆ ಕಾಯುವವನು, ತಪ್ಪಿದವರಿಗೆ ದಂಡ ಹಾಕುವವನು. ಜಗಲಿಯಲ್ಲಿ ಬಲೆಯ ಹರುಕು ಹೊಲಿಯುತ್ತ ಕೂತಿದ್ದ. ಅವನ ಹಾಲುಹಲ್ಲಿನ ಮಗಳು ಹಿಂದೊಮ್ಮೆ, ಅವನ ಕೈ ಹಿಡಿದು ಹಿಂದಕ್ಕೆ ನಡೆಯುತ್ತಿದ್ದಾಗ, ಕೈ ಬಿಡಿಸಿಕೊಂಡು ನೊರೆಯ ಹಿಂದೆ ಓಡಿದ್ದಳು, ತಿರುಗಿ ಬಂದಿರಲಿಲ್ಲ. ಆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಗುಡಿಸುವವಳು ಕಂಡದ್ದನ್ನೆಲ್ಲ ಹೇಳಿದಳು. "ಒಂದೇ ಒಂದು ಸಲ ಊರಿನ ಕಡೆ ಮುಖ ಮಾಡಿ ನಡೀತೇನೆ ಒಡೆಯಾ. ಒಂದು ಸಾಲು ಹೆಜ್ಜೆ. ಅವರಿಗೆ ದಾರಿ ಗೊತ್ತಾಗ್ಲಿ," ಎಂದಳು.

"ಅವರಿಗೆ ಗೊತ್ತಾದ್ದು ಕಡಲಿಗೆ ಗೊತ್ತಾಗುದಿಲ್ವಾ? ಹೋದ ಒಬ್ಬನಿಗಾಗಿ ಇರುವ ಊರನ್ನು ಮುಳುಗಿಸ್ಲಿಕ್ಕಾಗ್ತದಾ? ನಿನಗೆ ತಲೆ ಸರಿ ಉಂಟಾ?"

ಅವನು ಹೇಳಿದ್ದು ತಪ್ಪೂ ಅಲ್ಲ. ತೊಟ್ಟಿಲ ಮಕ್ಕಳಿದ್ದ ಊರು ಅದು.

"ಒಬ್ಬನಲ್ಲ ಒಡೆಯಾ. ತುಂಬಾ ಹೆಜ್ಜೆ ಇರ್ತದೆ. ದೊಡ್ಡದು, ಸಣ್ಣದು. ನನ್ನ ಅಂಗೈಯಷ್ಟು ಸಣ್ಣದೂ ಒಂದು ಉಂಟು."

ಬಲೆಯ ಮೇಲೆ ಓಡುತ್ತಿದ್ದ ಗುರಿಕಾರನ ಕೈ ನಿಂತಿತು.

"ಅದು ಯಾವಾಗ್ಲೂ ಎಲ್ಲರಿಗಿಂತ ಮುಂದೆ ಬಂದಿರ್ತದೆ, ಓಡಿ ಬಂದ ಹಾಗೆ. ಯಾರದೋ ಮನೆಯ ತುಂಟ ಮಗು ಅಂತ ನಾನೇ ಗುಡಿಸಿದ್ದೇನೆ. ಎಷ್ಟು ಸಲ ಗುಡಿಸಿದೆನೋ ನಂಗೇ ಗೊತ್ತಿಲ್ಲ."

"ಹೊರಗೆ ನಡಿ," ಎಂದ ಗುರಿಕಾರ. "ಹಿಡಿಸೂಡಿ ಇಲ್ಲೇ ಇಟ್ಟು ನಡಿ. ನಾಳೆಯಿಂದ ನಾನೇ ಗುಡಿಸ್ತೇನೆ."

ಅವಳು ಹಿಡಿಸೂಡಿಯನ್ನು ಜಗಲಿಗೆ ಒರಗಿಸಿ ಬಂದಳು. ಕೈ ಖಾಲಿಯಾದದ್ದು ಅವಳಿಗೆ ಒಂದು ಬಗೆಯಲ್ಲಿ ಹಗುರವೇ ಆಯಿತು.

ಅದೇ ಸಂಜೆ, ಹೊತ್ತು ಕಡಲಿಗೆ ತಾಗುವ ಮೊದಲು, ಅವಳು ದೋಣಿ ನಿಲ್ಲುವ ಕಡವಿಗೆ ಬಂದು ದೋಣಿಯಲ್ಲಿ ಕೂತಳು. ಅಂಬಿಗ ಅವಳ ಖಾಲಿ ಕೈ ನೋಡಿದ, ಮುಖ ನೋಡಿದ, ಹುಟ್ಟು ಹಾಕಲೋ ಬೇಡವೋ ಎಂದು ತುಸು ಹೊತ್ತು ಗಡ್ಡ ಕೆರೆದುಕೊಂಡ.

"ನನಗೆ ಏನೂ ಗೊತ್ತಿಲ್ಲ. ನಾನು ಹೊಳೆಯಲ್ಲಿ ಮೀನು ನೋಡ್ತಾ ಕೂತಿದ್ದೆ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳುದು ನಾನು," ಎಂದ. ಮತ್ತೆ ಹೊಳೆಯ ನಡುವೆ, ಯಾರೂ ಕೇಳದಿದ್ದರೂ, "ನನ್ನ ತಮ್ಮನೂ ಅಲ್ಲೇ ಇದ್ದಾನೆ," ಎಂದ.

ಮರಳು ಕೆಂಪಗೆ ಉರಿಯುತ್ತಿತ್ತು. ಅವಳು ಕಟ್ಟಳೆಯಂತೆ ಕಡಲನ್ನು ನೋಡುತ್ತ ಮುಂದಕ್ಕೆ ನಡೆದಳು. ಅಡುಂಬು ಬಳ್ಳಿ ದಾಟಿದಳು, ಒಣ ಮರಳು ದಾಟಿದಳು, ಒದ್ದೆ ಮರಳಿಗೆ ಬಂದಳು, ನೀರಿನಲ್ಲಿ ಪಾದ ಮುಳುಗುವವರೆಗೆ ಹೋದಳು. ಎದುರಿಗೆ ಕಡಲು. ಎಷ್ಟು ಸಲ ನೋಡಿದರೂ ಮೊದಲ ಸಲ ನೋಡಿದಂತಾಗುವ ಕಡಲು. ಅವಳು ಎರಡೂ ಕೈ ಜೋಡಿಸಿದಳು.

"ನಿನಗೆ ಸುಳ್ಳು ಹೇಳಿದ್ದೇವೆ," ಎಂದಳು. "ನಾವೆಲ್ಲ ಇಲ್ಲೇ ಹಿಂದೆ ಇದ್ದೇವೆ. ಮನೆ ಉಂಟು, ಒಲೆ ಉಂಟು. ಬಂದವರೆಲ್ಲ ತಿರುಗಿ ಹೋಗಿದ್ದೇವೆ. ಇನ್ನು ಏನು ಮಾಡ್ತೀಯೋ ಮಾಡು."

ಹೇಳಿ, ತಿರುಗಿದಳು.

ಬೆನ್ನಿಗೆ ಕಡಲ ಗಾಳಿ ತಾಗಿದ್ದು ಅದೇ ಮೊದಲು. ಆ ಊರಿಗೆ ಬಂದ ಮೇಲೆ ಅವಳ ಬೆನ್ನಿಗೆ ಕಡಲು ಗೊತ್ತಿರಲಿಲ್ಲ. ಮೈಯೆಲ್ಲ ಜುಮ್ಮೆಂದಿತು. ಆದರೂ ಅವಳು ನಿಂತಲ್ಲೇ ನಿಂತದ್ದು ಹೆದರಿಕೆಯಿಂದಲ್ಲ. ಎದುರಿಗೆ ಊರು ಕಂಡಿತ್ತು. ಮುಳುಗುವ ಸೂರ್ಯನ ಬೆಳಕೆಲ್ಲ ಹೋಗಿ ಅದರ ಮೇಲೆಯೇ ಬಿದ್ದಿತ್ತು. ಹೊಳೆ ಬಂಗಾರದ ಬಣ್ಣದಲ್ಲಿ ಹರಿಯುತ್ತಿತ್ತು, ಅದರಾಚೆ ಮನೆಗಳ ಹಿತ್ತಿಲ ಗೋಡೆಗಳು, ಮಾಡುಗಳಿಂದ ಏಳುವ ಅಡುಗೆಯ ಹೊಗೆ, ಒಣಹಾಕಿದ ಬಲೆಗಳು, ಅದರ ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಇನ್ನೊಂದು ಬೆಟ್ಟ. ಹುಟ್ಟಿದ ಊರಿನಲ್ಲೇ ಮುಪ್ಪಾದವರಲ್ಲಿ ಒಬ್ಬರೂ ಅದನ್ನು ಇಲ್ಲಿಂದ ಹೀಗೆ ಕಂಡಿರಲಿಲ್ಲ. ಮರಳಿಗೆ ಬಂದವರೆಲ್ಲ ಕಡಲನ್ನಷ್ಟೇ ನೋಡಿದ್ದರು. ಎಂಥ ಚಂದದ ಊರು! ಇದನ್ನು ಬಿಟ್ಟು ಹೋದವರಿಗೆ ಹೊಟ್ಟೆಯಲ್ಲಿ ಎಷ್ಟು ಸಂಕಟವಾಗಿರಬೇಕು! ಅವಳು ಬಿಕ್ಕಿ ಬಿಕ್ಕಿ ಅತ್ತಳು, ಗಂಡ ಹೋದಾಗ ಅಳದೆ ಉಳಿಸಿದ್ದನ್ನೆಲ್ಲ ಅಲ್ಲೇ ಅತ್ತಳು.

ಆಮೇಲೆ ನಡೆದಳು. ಹಿಮ್ಮಡಿ ಊರಿ, ಬೆರಳು ಊರಿ, ಒಂದೊಂದು ಹೆಜ್ಜೆಯನ್ನೂ ಆಳವಾಗಿ ಒತ್ತಿ ನಡೆದಳು. ಹಿಮ್ಮಡಿ ಕಡಲಿಗೆ, ಬೆರಳು ಊರಿಗೆ. ಹಿಮ್ಮಡಿ ಕಡಲಿಗೆ, ಬೆರಳು ಊರಿಗೆ. ಒದ್ದೆ ಮರಳಿನಿಂದ ಒಣ ಮರಳಿಗೆ, ಒಣ ಮರಳಿನಿಂದ ಬಳ್ಳಿಗೆ, ಬಳ್ಳಿಯಿಂದ ದೋಣಿಗೆ. ಅಂಬಿಗ ಹೊಳೆಯಲ್ಲಿ ಮೀನು ನೋಡುತ್ತ ಕೂತಿದ್ದ. ಅವನ ಹೆಗಲು ಅಲುಗುತ್ತಿತ್ತು.

ಬೆಳಿಗ್ಗೆ ಊರು ಎದ್ದದ್ದು ಕೂಗಾಟದಿಂದ. ಕಡವಿನ ಮೆಟ್ಟಿಲಿಗೆ ನೀರು ಬಂದಿತ್ತು. ಹೊಳೆ ಏರುವ ಕಾಲವಲ್ಲ, ಮಳೆಯಿಲ್ಲ. ಒಬ್ಬ ಹೆಂಗಸು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿ, ಥೂ ಎಂದು ಉಗಿದು, "ಉಪ್ಪು!" ಎಂದು ಚೀರಿದಳು. ಜನ ಮಕ್ಕಳನ್ನೂ ಗಂಟುಮೂಟೆಯನ್ನೂ ಎತ್ತಿಕೊಂಡು ಬೆಟ್ಟದ ಕಡೆಗೆ ಓಡತೊಡಗಿದರು. ಗುರಿಕಾರ ಮಾತ್ರ ಹಿಡಿಸೂಡಿ ಹಿಡಿದು ಕಡವಿಗೆ ಬಂದ. ಅಲ್ಲಿ ಗುಡಿಸುವವಳು ಆಗಲೇ ನಿಂತಿದ್ದಳು.

"ನೀನೇ ಅಲ್ವಾ?"

"ನಾನೇ."

ಅವನು ಬೈಯಲಿಲ್ಲ, ಬೈಯಲು ಹೊತ್ತಿರಲಿಲ್ಲ. "ಈಗ್ಲೂ ಗುಡಿಸಿದ್ರೆ ಕಡಲು ನಿಂತೀತು. ಹೆಜ್ಜೆ ಎಲ್ಲಿ ಉಂಟು, ತೋರ್ಸು," ಎಂದು ದೋಣಿಗೆ ಇಳಿದ. ಅವಳೂ ಇಳಿದಳು. ಅಂಬಿಗ ಹುಟ್ಟು ಹಾಕಿದ.

ಮರಳು ಹತ್ತಿರವಾದಂತೆ ಮೂವರೂ ಎದ್ದು ನಿಂತರು. ಅಂಬಿಗನಿಗೆ ಹುಟ್ಟು ಮರೆತುಹೋಗಿ ದೋಣಿ ತಾನಾಗಿಯೇ ಹೋಗಿ ದಡಕ್ಕೆ ತಾಗಿತು.

ಮರಳಿನ ತುಂಬ ಹೆಜ್ಜೆಗಳು. ಕಡಲಂಚಿನಿಂದ ಹೊಳೆಯಂಚಿನವರೆಗೆ ಕಾಲಿಡಲು ಜಾಗವಿಲ್ಲದಷ್ಟು ಹೆಜ್ಜೆಗಳು, ಎಲ್ಲವೂ ಊರಿಗೆ ಬೆರಳು ಮಾಡಿದವು. ಅಗಲ ಪಾದದ ಬಲೆಗಾರರವು, ಕೋಲೂರಿ ಬಂದವರವು, ಕಾಲುಂಗುರದ ಗೆರೆ ಮೂಡಿದವು, ಈಗ ಯಾರಿಗೂ ಹೆಸರು ಗೊತ್ತಿಲ್ಲದ ಹಳಬರವು. ಇಡೀ ಊರನ್ನು ಮೀರಿಸಿದ ಇನ್ನೊಂದು ಊರೇ ನಡೆದುಬಂದಿತ್ತು. ನಡುವೆ ಗುಡಿಸುವವಳ ಒಂದು ಸಾಲು ಹೆಜ್ಜೆ ನಿನ್ನೆ ಒತ್ತಿದಂತೆಯೇ ಇತ್ತು. ಅಷ್ಟು ಜನರಲ್ಲಿ ಒಬ್ಬರೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಅದರ ಎರಡೂ ಬದಿಗೆ, ದಾರಿ ತೋರಿಸಿದವಳಿಗೆ ದಾರಿ ಬಿಟ್ಟು, ನಡೆದು ಬಂದಿದ್ದರು. ಹೊಳೆಯ ಹತ್ತಿರ ಹೆಜ್ಜೆಗಳು ಒಂದರ ಪಕ್ಕ ಒಂದು ಒತ್ತೊತ್ತಾಗಿ ನಿಂತಿದ್ದವು. ಮರಳಿನ ಮೇಲೆ ಮನುಷ್ಯರು ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ.

"ದೋಣಿ ಕಾಯ್ತಾ ಇದ್ದಾರೆ," ಎಂದ ಅಂಬಿಗ ಪಿಸುದನಿಯಲ್ಲಿ.

ಗುರಿಕಾರ ದಡಕ್ಕೆ ಇಳಿದ. ಊರು ಉಳಿಸಬೇಕಿತ್ತು ಅವನಿಗೆ. ಹಿಡಿಸೂಡಿಯನ್ನು ಎತ್ತಿದ, ಬಾಗಿದ, ಬಾಗಿದವನು ಹಾಗೇ ಉಳಿದ. ಎಲ್ಲರಿಗಿಂತ ಮುಂದೆ, ದೋಣಿಗೆ ತಾಗಿಕೊಂಡ ಹಾಗೆ, ಅಂಗೈಯಷ್ಟಗಲದ ಎರಡು ಹೆಜ್ಜೆಗಳಿದ್ದವು. ಬೆರಳ ತುದಿ ಮಾತ್ರ ಆಳವಾಗಿ ಊರಿತ್ತು. ದೋಣಿಯ ಅಂಚು ಎಟುಕದೆ ತುದಿಗಾಲಲ್ಲಿ ನಿಂತ ಮಗುವಿನ ಹೆಜ್ಜೆ ಹಾಗಿರುತ್ತದೆ.

ಹಿಡಿಸೂಡಿ ಅವನ ಕೈಯಿಂದ ಜಾರಿ ಹೊಳೆಗೆ ಬಿತ್ತು. ತೇಲಿಹೋಗುವುದನ್ನು ಅವನು ತಿರುಗಿಯೂ ನೋಡಲಿಲ್ಲ.

"ಅವಳಿಗೆ ಹತ್ಲಿಕ್ಕಾಗುದಿಲ್ಲ," ಎಂದ. "ಸಣ್ಣವಳು ಮಾರಾಯಾ. ಎತ್ತಿಕೊಳ್ಬೇಕು."

ಬಾಗಿ, ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ, ಕಂಕುಳಿಗೆ ಕೈ ಕೊಟ್ಟು ಎತ್ತುವಂತೆ ಎತ್ತಿದ. ಅವನ ತೋಳಿನ ನರಗಳು ಬಿಗಿದವು. ಅಲ್ಲಿ ಏನೂ ಇರಲಿಲ್ಲ, ಆದರೆ ಅವನು ಎತ್ತಿದ್ದು ಹಗುರವಾಗಿರಲಿಲ್ಲ. ಎದೆಗೆ ಒಮ್ಮೆ ಒತ್ತಿಕೊಂಡು, ಮೆಲ್ಲಗೆ ದೋಣಿಯೊಳಗೆ ಇಳಿಸಿದ. ದೋಣಿ ಒಂದು ಬೆರಳಿನಷ್ಟು ತಗ್ಗಿತು.

ಆಮೇಲೆ ಇನ್ನಷ್ಟು ತಗ್ಗಿತು. ಮತ್ತೆ ಇನ್ನಷ್ಟು. ಒಬ್ಬೊಬ್ಬರೇ ಹತ್ತುವಾಗ ದೋಣಿ ಹೇಗೆ ಅತ್ತಿತ್ತ ವಾಲಿ ಸರಿಹೋಗುತ್ತದೆಯೋ ಹಾಗೆ ವಾಲಿ, ಸರಿಹೋಗಿ, ಅಂಚು ನೀರಿಗೆ ಸಮನಾಗುವವರೆಗೂ ಇಳಿಯಿತು. ಅಂಬಿಗನ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು. "ಸಾಕು ಸಾಕು, ಉಳಿದವರು ಮುಂದಿನ ಸಲಕ್ಕೆ ಬನ್ನಿ. ಯಾರನ್ನೂ ಬಿಟ್ಟು ಹೋಗುದಿಲ್ಲ," ಎಂದು ಎಂದಿನ ಗದರುವ ದನಿಯಲ್ಲೇ ಹೇಳಿ ಹುಟ್ಟಿಗೆ ಕೈ ಹಾಕಿದ. ಗುಡಿಸುವವಳೂ ಇನ್ನೊಂದು ಹುಟ್ಟು ಹಿಡಿದಳು. ತನ್ನ ಎಡಗಡೆಯ ಹಲಗೆಯ ಮೇಲೆ ಒದ್ದೆಯಾದ ಗುರುತೊಂದು ಮೂಡಿದ್ದನ್ನು ಅವಳು ನೋಡಿದ್ದಳು. ಮತ್ತೆ ಮತ್ತೆ ನೋಡಿ ಅವಸರ ಮಾಡಲಿಲ್ಲ. ಇಷ್ಟು ಕಾಲ ಕಾದವಳಿಗೆ ಒಂದು ಹೊಳೆ ದಾಟುವಷ್ಟು ತಾಳ್ಮೆ ಇತ್ತು.

ಬಿಸಿಲೇರುವವರೆಗೂ ದೋಣಿ ಹೋಗಿ ಬಂದು ಮಾಡಿತು. ಹೋಗುವಾಗ ತೇಲುತ್ತ, ಬರುವಾಗ ಮುಳುಗುತ್ತ. ಪ್ರತಿ ಸಲ ಕಡವಿಗೆ ತಾಗಿದೊಡನೆ ಮೆಲ್ಲಗೆ ಮೇಲೇಳುತ್ತ. ಬೆಟ್ಟಕ್ಕೆ ಓಡಿದವರು ಒಬ್ಬೊಬ್ಬರಾಗಿ ಇಳಿದುಬಂದು ದಡದಲ್ಲಿ ಕೈಕಟ್ಟಿ ನಿಂತರು. ಮೆಟ್ಟಿಲ ಮೇಲೆ ಮೂಡುತ್ತಿದ್ದ ಒದ್ದೆ ಹೆಜ್ಜೆಗಳನ್ನು ಕಂಡು ಕೆಲವರು ಮನೆಗೆ ಓಡಿದರು, ಒಲೆ ಹಚ್ಚಲು.

ಕಡಲು ಬಂದದ್ದು ಸುಳ್ಳಲ್ಲ. ಗುರಿಕಾರ ಹೆದರಿದ್ದು ಸರಿಯಾಗಿಯೇ ಇತ್ತು. ಹೆಜ್ಜೆ ಹಿಡಿದು ಅದೂ ಬಂದಿತ್ತು, ಹೊಳೆಯ ಬಾಯಿಂದ ಒಳಗೆ, ಕಡವಿನ ತೀರಾ ಕೆಳಗಿನ ಮೆಟ್ಟಿಲವರೆಗೆ. ಕೊನೆಯ ದೋಣಿ ದಡಕ್ಕೆ ತಾಗುವವರೆಗೂ ಅಲ್ಲೇ ನಿಂತಿತ್ತು, ಯಾರನ್ನೋ ಮನೆ ಮುಟ್ಟಿಸಲು ಜೊತೆಗೆ ಬಂದವರ ಹಾಗೆ. ಎರಡನೆಯ ಮೆಟ್ಟಿಲನ್ನು ಒದ್ದೆ ಕೂಡ ಮಾಡಲಿಲ್ಲ. ಎಲ್ಲರೂ ಇಳಿದಾಯಿತೆಂದು ಕಂಡ ಮೇಲೆ ಹಿಂದೆ ಸರಿಯಿತು. ಊರಿಗೆ ಬೆನ್ನು ತೋರಿಸದೆ, ಊರನ್ನೇ ನೋಡುತ್ತ, ಹಿಂದುಹಿಂದಕ್ಕೆ.

ಗುಡಿಸುವವಳು ಮನೆಗೆ ಬಂದಳು. ಬಾಗಿಲು ಬೆಟ್ಟದ ಕಡೆಗಿದ್ದದ್ದರಿಂದ ಬರುವವರು ಮನೆ ಸುತ್ತಿಕೊಂಡು ಬರಬೇಕಿತ್ತು. ಅವಳು ಒಳಗಿನಿಂದ ತಾಮ್ರದ ತಂಬಿಗೆಯಲ್ಲಿ ನೀರು ತಂದು ಹೊಸ್ತಿಲಲ್ಲಿ ನಿಂತಳು. ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡಬೇಕು, ಮಾತು ಆಮೇಲೆ. ಅವಳ ಹಳ್ಳಿಯಲ್ಲೂ ಹಾಗೇ, ಈ ಊರಲ್ಲೂ ಹಾಗೇ. ಅಂಗಳದಲ್ಲಿ ಅಕ್ಕಚ್ಚಿನ ಬಾನಿಯ ಹತ್ತಿರ ಮಣ್ಣು ಒದ್ದೆಯಾಯಿತು, ಆ ಒದ್ದೆ ಗುರುತು ಒಂದು ಗಳಿಗೆ ಅಲ್ಲೇ ನಿಂತಿತು, ಮತ್ತೆ ಕಾಲು ತೊಳೆಯುವ ಕಲ್ಲಿನವರೆಗೆ ಬಂತು.

"ಬಂದಿರಾ?" ಎಂದಳು.

ಬಾಗಿ, ಕಲ್ಲಿನ ಮೇಲೆ ಮೆಲ್ಲಗೆ ನೀರು ಹೊಯ್ದಳು. ನೀರು ಕಲ್ಲಿನ ತುಂಬ ಹರಡಿತು, ನಡುವೆ ಎರಡು ಕಡೆ ಮಾತ್ರ ತಾಗದೆ ಬಳಸಿಕೊಂಡು ಹರಿಯಿತು. ಹಾಗೆ ಉಳಿದ ಆ ಎರಡು ಜಾಗಗಳಲ್ಲಿ ಬಲಗಾಲಿನದಕ್ಕೆ ಐದು ಬೆರಳು, ಎಡಗಾಲಿನದಕ್ಕೆ ನಾಲ್ಕು. ಅವಳು ತಂಬಿಗೆ ಬರಿದಾಗುವವರೆಗೂ ಹೊಯ್ದಳು, ಆಮೇಲೆ ಇನ್ನೊಂದು ತಂಬಿಗೆ ತರಲು ಒಳಗೆ ಹೋದಳು.